ಚಿಕ್ಕ ಸೈನ್ಯ ದೊಡ್ಡ ಸೈನ್ಯವನ್ನು ಸೋಲಿಸುವುದು ಹೇಗೆ?

ಪ್ರಶ್ನೆ: ಮಹಾಭಾರತದಲ್ಲಿ ಪಾಂಡವರ ಏಳು ಅಕ್ಷೌಹಿಣಿ ಕೌರವರ ಹನ್ನೊಂದು ಅಕ್ಷೌಹಿಣಿಯನ್ನು ಗೆದ್ದಿತು ಎಂದರೆ ಒಪ್ಪಿಕೊಳ್ಳಬಹುದು, ಅಲ್ಲಿ ಕೃಷ್ಣನಿದ್ದ, ದಿವ್ಯಾಸ್ತ್ರಗಳಿದ್ದವು. ಆದರೆ ಹ್ಯಾನಿಬಲ್ ತನ್ನದಕ್ಕಿಂತ ಬಹಳ ದೊಡ್ಡದಾಗಿದ್ದ ರೋಮನ್ ಸೈನ್ಯವನ್ನು ಒಂದೇ ದಿನದಲ್ಲಿ ನಾಶ ಮಾಡಿದ ಎಂದು ಇತಿಹಾಸದ ಪುಸ್ತಕಗಳಲ್ಲೂ ಓದುತ್ತೇವೆ. ಅದು ಬಂದೂಕು, ಫಿರಂಗಿ ಇಲ್ಲದ ಕಾಲ. ಎರಡೂ ಕಡೆ ಕತ್ತಿ, ಈಟಿ, ಗುರಾಣಿ. ಒಬ್ಬನಿಗೆ ಒಬ್ಬ ಎಂದು ಜೋಡಿ ಮಾಡಿದರೂ ದೊಡ್ಡ ಸೈನ್ಯದಲ್ಲಿ ಸಾವಿರಾರು ಮಂದಿ ಮಿಗುತ್ತಾರಲ್ಲವೆ? ಹಾಗೆ ಮಿಕ್ಕವರು ಏನು ಮಾಡುತ್ತಿದ್ದರು?
— ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ತುಂಬ ಸಂತೋಷವಾಯಿತು. ‘ಮಿಕ್ಕವರು ಏನು ಮಾಡುತ್ತಿದ್ದರು’ ಎಂದು ಕೇಳಿದ್ದೀರಿ. ಉತ್ತರಕ್ಕೆ ಬೇಕಾದ ಬಾಗಿಲು ಅದೇ. ಹೆಚ್ಚಿನವರು ಸೇನಾನಿಯ ಜಾಣತನ, ಸೈನಿಕರ ಧೈರ್ಯ ಎಂದು ಹೇಳಿ ಮುಂದೆ ಹೋಗಿಬಿಡುತ್ತಾರೆ. ನೀವು ಲೆಕ್ಕ ಹಾಕಿದಿರಿ, ಲೆಕ್ಕ ಕೂಡಿಬರದೆ ನಿಂತಿರಿ. ಹಾಗೆ ನಿಲ್ಲುವುದು ಸಹಜ. ನೀವೇ ಆಫ್ರಿಕದ ಕಾರ್ಥೇಜ್ ನಗರದ ಸೇನಾನಿ ಹ್ಯಾನಿಬಲನ ಹೆಸರು ಎತ್ತಿರುವುದರಿಂದ ಅವನು ಗೆದ್ದ ಕ್ಯಾನೆ ಎಂಬ ಸ್ಥಳದ ಯುದ್ಧವನ್ನೇ ಹಿಡಿದು ವಿವರಿಸುತ್ತೇನೆ. ಕ್ರಿ.ಪೂ. 216ರ ಆಗಸ್ಟ್ 2ರಂದು ಇಟಲಿಯ ಆಗ್ನೇಯ ಭಾಗದ ಬಯಲಿನಲ್ಲಿ ಅದು ನಡೆಯಿತು.

ಮೊದಲು ಸಂಖ್ಯೆಗಳನ್ನು ಎದುರಿಗಿಟ್ಟುಕೊಳ್ಳೋಣ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳುವಂತೆ ರೋಮನರ ಕಡೆ ಸುಮಾರು 80,000 ಕಾಲಾಳುಗಳು, 6,000 ಕುದುರೆ ಸವಾರರು. ಹ್ಯಾನಿಬಲನ ಕಡೆ 40,000ಕ್ಕಿಂತ ಸ್ವಲ್ಪ ಹೆಚ್ಚು ಕಾಲಾಳುಗಳು, 10,000 ಸವಾರರು. ಶಿಬಿರ ಕಾಯಲೆಂದು ಹಾಗೂ ಸಮಯ ಸಿಕ್ಕರೆ ಹ್ಯಾನಿಬಲನ ಶಿಬಿರದ ಮೇಲೆ ಬೀಳಲೆಂದು ರೋಮನರು ಸುಮಾರು 10,000 ಮಂದಿಯನ್ನು ಹಿಂದೆ ಬಿಟ್ಟು ಬಂದಿದ್ದರು. ಅಂದರೆ ರಣರಂಗದಲ್ಲಿ ಸುಮಾರು 70,000 ಕಾಲಾಳುಗಳ ಎದುರಿಗೆ 40,000.

ಈಗ ನಿಮ್ಮ ಜೋಡಿ ಲೆಕ್ಕಕ್ಕೆ ಬರೋಣ. ಒಬ್ಬನಿಗೆ ಒಬ್ಬ ಎಂದು ಜೋಡಿ ಮಾಡಬೇಕಾದರೆ ಎಲ್ಲರಿಗೂ ಎದುರಾಳಿ ಸಿಗುವಷ್ಟು ಜಾಗ ಬೇಕು. ಕತ್ತಿಯಲ್ಲಿ ಕಾದುವವನಿಗೆ ತೋಳು ಎಟುಕುವ ದೂರದಲ್ಲಿರುವವನು ಮಾತ್ರ ಎದುರಾಳಿ. ಪ್ರಾಚೀನ ಸೈನ್ಯಗಳು ಬಯಲಲ್ಲಿ ಚದುರಿ ನಿಲ್ಲುತ್ತಿರಲಿಲ್ಲ. ಭುಜಕ್ಕೆ ಭುಜ ಹತ್ತಿರವಾಗುವಂತೆ, ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತಿದ್ದವು. ತಿಳಿವಳಿಕೆಗಾಗಿ ಒಂದು ಊಹೆ ಮಾಡಿಕೊಳ್ಳಿ. ರೋಮನ್ ಕಾಲಾಳುಗಳ ಸಾಲು ಒಂದೂವರೆ ಕಿಲೋಮೀಟರ್ ಉದ್ದ ಇದೆ, ಒಬ್ಬೊಬ್ಬನಿಗೂ ಒಂದು ಮೀಟರ್ ಜಾಗ. ಆಗ ಮುಂದಿನ ಸಾಲಿನಲ್ಲಿ ನಿಲ್ಲುವವರು 1,500 ಮಂದಿ. 70,000 ಮಂದಿಯನ್ನು ಈ ಅಗಲದಲ್ಲಿ ನಿಲ್ಲಿಸಿದರೆ ಹಿಂದಕ್ಕೆ 45ಕ್ಕೂ ಹೆಚ್ಚು ಸಾಲುಗಳಾಗುತ್ತವೆ. ಮೊದಲ ಸಾಲಿನವನ ಕತ್ತಿಗೆ ಶತ್ರು ಸಿಗುತ್ತಾನೆ. ಎರಡು, ಮೂರನೆಯ ಸಾಲಿನವರು ಅವನ ತಲೆಯ ಮೇಲಿಂದ ಭರ್ಜಿ ಎಸೆಯಬಹುದು, ಅವನು ಬಿದ್ದರೆ ಆ ಜಾಗಕ್ಕೆ ಬರಬಹುದು. ಇಪ್ಪತ್ತನೆಯ ಸಾಲಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಮಿಕ್ಕವರು ಹಿಂದೆ ನಿಂತಿದ್ದರು. ಕೈಯಲ್ಲಿ ಆಯುಧವಿತ್ತು, ಅದನ್ನು ಬಳಸಲು ಎದುರಿಗೆ ಯಾರೂ ಇರಲಿಲ್ಲ. ಸೈನ್ಯದ ಒಟ್ಟು ಸಂಖ್ಯೆ ಒಂದು; ಯಾವುದೇ ಒಂದು ಗಳಿಗೆಯಲ್ಲಿ ನಿಜವಾಗಿ ಕಾದುತ್ತಿರುವವರ ಸಂಖ್ಯೆ ಮತ್ತೊಂದು. ಮೊದಲನೆಯದು ಎಷ್ಟೇ ದೊಡ್ಡದಿರಲಿ, ಎರಡನೆಯದು ಜಾಗದ ಮೇಲೆ, ಜೋಡಣೆಯ ಮೇಲೆ ನಿಂತಿರುತ್ತದೆ. ಚಿಕ್ಕ ಸೈನ್ಯದ ಸೇನಾನಿಗೆ ಕೈಹಾಕಲು ಸಾಧ್ಯವಿರುವುದು ಈ ಎರಡನೆಯ ಸಂಖ್ಯೆಗೆ. ನಿರ್ಣಾಯಕವಾದ ಜಾಗದಲ್ಲಿ, ನಿರ್ಣಾಯಕವಾದ ಹೊತ್ತಿನಲ್ಲಿ ತನ್ನವರೇ ಹೆಚ್ಚಿರುವಂತೆ ನೋಡಿಕೊಂಡರೆ ಅವನಿಗೆ ಸಾಕು.

ಇದನ್ನು ಅತ್ಯಂತ ಸರಳವಾಗಿ ಮಾಡಿ ತೋರಿಸಿದವನು ಥೀಬ್ಸ್ ನಗರದ ಎಪಮಿನಾಂಡಸ್. ಕ್ರಿ.ಪೂ. 371ರಲ್ಲಿ ಲೂಕ್ಟ್ರ ಎಂಬಲ್ಲಿ ಅವನು ಸ್ಪಾರ್ಟದವರನ್ನು ಎದುರಿಸಿದಾಗ ಅವನ ಸೈನ್ಯವೇ ಚಿಕ್ಕದು. ಸ್ಪಾರ್ಟದವರು ಹನ್ನೆರಡು ಸಾಲಿನ ದಪ್ಪದಲ್ಲಿ ಸಮನಾಗಿ ನಿಂತರು. ಎಪಮಿನಾಂಡಸ್ ತನ್ನ ಎಡಬದಿಯನ್ನು ಐವತ್ತು ಸಾಲಿನಷ್ಟು ದಪ್ಪ ಮಾಡಿ, ಸ್ಪಾರ್ಟದ ರಾಜ ಕ್ಲಿಯಾಂಬ್ರೊಟಸ್ ನಿಂತಿದ್ದ ಕಡೆಗೇ ನುಗ್ಗಿಸಿದ. ಉಳಿದ ತೆಳು ಭಾಗವನ್ನು ಹಿಂದೆ ಹಿಡಿದಿಟ್ಟು, ಶತ್ರುವಿಗೆ ತಾಗದಂತೆ ನೋಡಿಕೊಂಡ. ರಾಜ ಸತ್ತ, ಅವನ ಸುತ್ತಲಿನ ಆಯ್ದ ಯೋಧರು ಬಿದ್ದರು. ಸ್ಪಾರ್ಟದ ಪಕ್ಷದ ಉಳಿದ ಸಾವಿರಾರು ಮಂದಿ ಸರಿಯಾಗಿ ಕಾದುವ ಮೊದಲೇ ಯುದ್ಧ ಮುಗಿದಿತ್ತು.

ಕ್ಯಾನೆಯಲ್ಲಿ ನಡೆದದ್ದು ಇದಕ್ಕಿಂತ ಬಿಗಿಯಾದ ಕೆಲಸ. ಅದನ್ನು ನಿಧಾನವಾಗಿ ನೋಡೋಣ. ಕೈಯಲ್ಲಿ ಒಂದು ಹಾಳೆ, ಪೆನ್ಸಿಲ್ ಇದ್ದರೆ ಗೆರೆ ಎಳೆಯುತ್ತ ಓದಿ.

ಅದಕ್ಕೂ ಮೊದಲು ರೋಮನರ ಪರವಾಗಿ ಒಂದು ಮಾತು ಹೇಳಲೇಬೇಕು, ಅವರನ್ನು ಮೂರ್ಖರೆಂದು ಚಿತ್ರಿಸುವುದು ರೂಢಿಯಾಗಿಬಿಟ್ಟಿದೆ. ಅವರ ಯೋಜನೆಗೆ ಆಧಾರವಿತ್ತು. ಹಿಂದೆ, ಕ್ರಿ.ಪೂ. 218ರ ಚಳಿಗಾಲದಲ್ಲಿ, ಟ್ರೆಬಿಯ ನದಿಯ ಬಳಿ ಹ್ಯಾನಿಬಲ್ ಅವರನ್ನು ಸೋಲಿಸಿದ್ದ. ಆ ಸೋಲಿನಲ್ಲೂ ನಡುವಿನ ಸುಮಾರು 10,000 ರೋಮನ್ ಕಾಲಾಳುಗಳು ಎದುರಿನ ಸಾಲನ್ನು ಸೀಳಿಕೊಂಡು ಆಚೆ ದಾಟಿ ಹೋಗಿದ್ದರು. ಅದರಿಂದ ರೋಮನರು ಕಲಿತ ಪಾಠ ಸ್ಪಷ್ಟವಾಗಿತ್ತು: ಹ್ಯಾನಿಬಲನ ನಡುಭಾಗ ನಮ್ಮ ಹೊಡೆತ ತಾಳುವುದಿಲ್ಲ, ಇನ್ನೂ ಭಾರವಾಗಿ ನುಗ್ಗಿದರೆ ಅವನ ಸೈನ್ಯ ಎರಡು ಹೋಳಾಗುತ್ತದೆ. ಆದ್ದರಿಂದ ಈ ಸಲ ತಮ್ಮ ಕಾಲಾಳುಗಳನ್ನು ಎಂದಿಗಿಂತ ಕಿರಿದಾದ ಅಗಲದಲ್ಲಿ, ಎಂದಿಗಿಂತ ಹೆಚ್ಚು ದಪ್ಪವಾಗಿ ಒತ್ತಿ ನಿಲ್ಲಿಸಿದರು. ಬಲಗಡೆ ಆಫಿಡಸ್ ನದಿ. ಅದರ ದಡದಲ್ಲಿ ರೋಮನ್ ಸವಾರರು. ಎಡಗಡೆಯ ಬಯಲಿನಲ್ಲಿ ಮಿತ್ರ ನಗರಗಳ ಸವಾರರು. ನಡುವೆ ಕಾಲಾಳುಗಳ ದೊಡ್ಡ ರಾಶಿ.

ಹ್ಯಾನಿಬಲನಿಗೂ ಟ್ರೆಬಿಯ ನೆನಪಿತ್ತು. ರೋಮನರು ನಡುವಿಗೇ ಬರುತ್ತಾರೆಂದು ಅವನು ಊಹಿಸಿದ. ಸಾಮಾನ್ಯ ಸೇನಾನಿಯಾಗಿದ್ದರೆ ತನ್ನ ಬಲಿಷ್ಠ ಪಡೆಯನ್ನು ಅಲ್ಲಿಯೇ ಇಡುತ್ತಿದ್ದ. ಹ್ಯಾನಿಬಲ್ ಇಟ್ಟದ್ದು ಗಾಲ್ ಮತ್ತು ಸ್ಪೇನಿನ ಕಾಲಾಳುಗಳನ್ನು. ಗಾಲರು ಸೊಂಟದ ಮೇಲೆ ಬಟ್ಟೆಯಿಲ್ಲದೆ, ಉದ್ದನೆಯ ಕತ್ತಿ ಹಿಡಿದು ನಿಂತಿದ್ದರು. ಸ್ಪೇನಿನವರು ಕೆನ್ನೇರಳೆ ಅಂಚಿನ ನಾರುಬಟ್ಟೆಯ ಅಂಗಿ ತೊಟ್ಟಿದ್ದರು. ಈ ನಡುಸಾಲನ್ನು ಅವನು ನೇರವಾಗಿ ನಿಲ್ಲಿಸದೆ, ಅರ್ಧಚಂದ್ರದ ಉಬ್ಬು ಶತ್ರುವಿನ ಕಡೆಗೆ ಇರುವಂತೆ ಬಾಗಿಸಿ ಮುಂದಕ್ಕೆ ತಂದ. ಅವರ ಎರಡೂ ತುದಿಗಳಲ್ಲಿ, ಸ್ವಲ್ಪ ಹಿಂದೆ, ಆಫ್ರಿಕದ ಲಿಬಿಯನ್ ಕಾಲಾಳುಗಳು. ಇವರೇ ಅವನ ಅತ್ಯುತ್ತಮ ಪಡೆ. ಹಿಂದಿನ ಗೆಲುವುಗಳಲ್ಲಿ ಸತ್ತ ರೋಮನರಿಂದ ಸುಲಿದ ಕವಚ, ಗುರಾಣಿಗಳನ್ನೇ ಇವರು ತೊಟ್ಟಿದ್ದರು. ದೂರದಿಂದ ನೋಡಿದವರಿಗೆ ರೋಮನರಂತೆಯೇ ಕಾಣುತ್ತಿದ್ದರಂತೆ. ನದಿಯ ಕಡೆ ಹಸ್ದ್ರುಬಲನ ಕೈಕೆಳಗೆ ಗಾಲ್ ಮತ್ತು ಸ್ಪೇನಿನ ಭಾರೀ ಅಶ್ವದಳ. ಬಯಲಿನ ಕಡೆ ಹಗುರವಾದ, ಬಹಳ ಚುರುಕಾದ ನ್ಯುಮಿಡಿಯದ ಸವಾರರು. ಹ್ಯಾನಿಬಲ್ ತಾನೇ ತಮ್ಮ ಮಾಗೋನ ಜೊತೆ ಆ ತೆಳು ನಡುಭಾಗದಲ್ಲಿ ನಿಂತ. ಅವನ ಯೋಜನೆ ನಡುಭಾಗದ ಮೇಲೆ ಎಷ್ಟು ನಿಂತಿತ್ತು ಎಂಬುದಕ್ಕೆ ಇದೇ ಸಾಕ್ಷಿ ಎಂದು ನನ್ನ ಅಭಿಪ್ರಾಯ. ಅಲ್ಲಿನವರು ಹಿಂದೆ ಸರಿಯಬೇಕು, ಆದರೆ ಓಡಬಾರದು. ಹಿಂದೆ ಸರಿಯುತ್ತಿರುವವರನ್ನು ಓಡದಂತೆ ಹಿಡಿಯುವುದಕ್ಕಿಂತ ಕಷ್ಟದ ಕೆಲಸ ರಣರಂಗದಲ್ಲಿ ಇನ್ನೊಂದಿಲ್ಲ. ನಾಯಕ ಪಕ್ಕದಲ್ಲಿ ಕಾಣುತ್ತಿದ್ದರೆ ಮಾತ್ರ ಅದು ಸಾಧ್ಯ.

ಯುದ್ಧ ಶುರುವಾಯಿತು. ಮೊದಲು ನಿರ್ಧಾರವಾದದ್ದು ನದಿಯ ದಡದಲ್ಲಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಮ್ಮದೇ ಕಾಲಾಳುಗಳು. ರೋಮನ್ ಸವಾರರಿಗೆ ಕುದುರೆ ತಿರುಗಿಸಲೂ ಎಡೆ ಇರಲಿಲ್ಲ. ಹಲವರು ಕುದುರೆಯಿಂದ ಇಳಿದು ಕೈಕೈ ಮಿಲಾಯಿಸಿದರು. ಹಸ್ದ್ರುಬಲನ ದಳ ಅವರನ್ನು ಬಹುಪಾಲು ಕೊಂದುಹಾಕಿತು.

ಅದೇ ಹೊತ್ತಿಗೆ ನಡುವೆ ರೋಮನ್ ಕಾಲಾಳುಗಳು ಅರ್ಧಚಂದ್ರದ ಉಬ್ಬಿಗೆ ಅಪ್ಪಳಿಸಿದರು. ಉಬ್ಬು ಸಪಾಟಾಯಿತು, ಆಮೇಲೆ ಒಳಕ್ಕೆ ತಗ್ಗಿತು. ಗೆಲ್ಲುತ್ತಿದ್ದೇವೆಂದು ರೋಮನರಿಗೆ ಅನಿಸಿತು. ಕಣ್ಣಿಗೆ ಕಂಡದ್ದೂ ಹಾಗೆಯೇ. ಎರಡು ಬದಿಗಳಲ್ಲಿದ್ದವರೂ ಶತ್ರು ಸರಿಯುತ್ತಿರುವ ನಡುವಿನ ಕಡೆಗೇ ಒತ್ತಿಕೊಂಡು ಬಂದರು. ಹೀಗೆ ಮುಂದೆ ಮುಂದೆ ಹೋದಷ್ಟೂ ಅವರ ಎಡಬಲಗಳಲ್ಲಿ, ಇನ್ನೂ ಕತ್ತಿಯನ್ನೇ ಬೀಸದ ಲಿಬಿಯನ್ ಪಡೆಗಳು ಉಳಿದವು. ಅವರು ಮಾಡಬೇಕಾಗಿದ್ದದ್ದು ಇಷ್ಟೇ: ಬಲಗಡೆಯವರು ಎಡಕ್ಕೆ, ಎಡಗಡೆಯವರು ಬಲಕ್ಕೆ ಮುಖ ತಿರುಗಿಸಿ ಮುಂದೆ ನಡೆಯುವುದು. ಮೂರು ಕಡೆ ಮುಚ್ಚಿತು.

ನಾಲ್ಕನೆಯ ಕಡೆಯನ್ನು ಮುಚ್ಚಿದವನು ಹಸ್ದ್ರುಬಲ್. ಇಡೀ ಯುದ್ಧದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾಗುವುದು ಇವನ ಸಂಯಮ. ಗೆದ್ದ ಅಶ್ವದಳ ಓಡುವವರ ಬೆನ್ನು ಹತ್ತುವುದು ಆ ಕಾಲದಲ್ಲಿ ಬಹಳ ಸಾಮಾನ್ಯ. ಕ್ಯಾನೆಗೆ ಹಿಂದಿನ ವರ್ಷವಷ್ಟೇ, ಗಾಜಾ ಸಮೀಪದ ರಾಫಿಯದಲ್ಲಿ, ಸಿರಿಯದ ದೊರೆ ಮೂರನೆಯ ಆಂಟಿಯೋಕಸ್ ತನ್ನ ಬದಿಯಲ್ಲಿ ಗೆದ್ದು, ಸೋತವರನ್ನು ಅಟ್ಟಿಸಿಕೊಂಡು ದೂರ ಹೋಗಿ, ತಿರುಗಿ ನೋಡುವಷ್ಟರಲ್ಲಿ ಅವನ ಉಳಿದ ಸೈನ್ಯ ಈಜಿಪ್ಟಿನ ಟಾಲೆಮಿಗೆ ಸೋತಿತ್ತು. ಹಸ್ದ್ರುಬಲ್ ಹಾಗೆ ಮಾಡಲಿಲ್ಲ. ರೋಮನ್ ಸೈನ್ಯದ ಬೆನ್ನ ಹಿಂದಿನಿಂದ ಆಚೆ ಬದಿಗೆ ಹೋಗಿ, ನ್ಯುಮಿಡಿಯನರೊಡನೆ ಕಾದುತ್ತಿದ್ದ ಮಿತ್ರ ಸವಾರರನ್ನು ಬೆದರಿಸಿ ಓಡಿಸಿದ. ಓಡುವವರ ಬೆನ್ನಟ್ಟುವ ಕೆಲಸವನ್ನು ಅದರಲ್ಲಿ ನುರಿತ ನ್ಯುಮಿಡಿಯನರಿಗೆ ಬಿಟ್ಟ. ತಾನು ಮತ್ತೆ ತಿರುಗಿ, ರೋಮನ್ ಕಾಲಾಳುಗಳ ಬೆನ್ನಿನ ಮೇಲೆ ಅಲೆ ಅಲೆಯಾಗಿ ಬಿದ್ದ.

ಇಲ್ಲಿ ಹಲವರಿಗೆ ಆಗುವ ಒಂದು ಗೊಂದಲವನ್ನು ಬಿಡಿಸಿಬಿಡೋಣ. ‘ಹ್ಯಾನಿಬಲನದು ಚಿಕ್ಕ ಸೈನ್ಯ’ ಎಂದಾಗ ಅದು ಎಲ್ಲ ವಿಧದಲ್ಲೂ ಚಿಕ್ಕದಾಗಿತ್ತು ಎಂದುಕೊಳ್ಳುತ್ತೇವೆ. ಮೇಲೆ ಕೊಟ್ಟ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಸವಾರರಲ್ಲಿ ಅವನು 10,000, ಅವರು 6,000. ಒಟ್ಟು ಕೂಡಿಸಿದಾಗ ಚಿಕ್ಕದಾಗಿ ಕಾಣುವ ಸೈನ್ಯ, ಕುದುರೆಗಳ ಮಟ್ಟಿಗೆ ದೊಡ್ಡ ಸೈನ್ಯವೇ ಆಗಿತ್ತು. ಮೇಲಾಗಿ ಅವನ ಸವಾರರು ಗುಣದಲ್ಲೂ ಮೇಲು. ಬಯಲು ಯುದ್ಧದಲ್ಲಿ ಅತಿ ವೇಗವಾಗಿ ಜಾಗ ಬದಲಿಸಬಲ್ಲ ಪಡೆ ಅಶ್ವದಳ. ಶತ್ರುವಿನ ಬೆನ್ನಿಗೆ ಬೇಗ ತಲುಪಬಲ್ಲದ್ದೂ ಅದೇ. ಹ್ಯಾನಿಬಲ್ ಕಾಲಾಳುಗಳ ಕೊರತೆಯನ್ನು ಒಪ್ಪಿಕೊಂಡು, ತಾನು ಮುಂದಿದ್ದ ಈ ಒಂದು ವಿಷಯದಲ್ಲಿ ಯುದ್ಧ ತೀರ್ಮಾನವಾಗುವಂತೆ ನೋಡಿಕೊಂಡ. ಆದ್ದರಿಂದ ಯಾವ ಯುದ್ಧದ ಬಗ್ಗೆ ಓದಿದರೂ ಕೂಡಿಸಿದ ಮೊತ್ತ ನೋಡಿ ನಿಲ್ಲಬೇಡಿ. ಕಾಲಾಳು, ಕುದುರೆ, ಬಿಲ್ಲುಗಾರರು ಎಂದು ಬಿಡಿಸಿ ನೋಡಿ. ‘ಪವಾಡ’ಗಳಲ್ಲಿ ಅರ್ಧಪಾಲು ಅಲ್ಲೇ ಬಿಡಿಸಿಕೊಳ್ಳುತ್ತವೆ.

ಸರಿ, ಸುತ್ತುವರಿದದ್ದಾಯಿತು. ‘ಒಳಗಿನವರು ಇನ್ನೂ ಹೆಚ್ಚೇ ಇದ್ದರಲ್ಲ, ಸುತ್ತಲೂ ಮುಖ ಮಾಡಿ ಕಾದಬಹುದಿತ್ತಲ್ಲ?’ ಎಂದು ನೀವು ಕೇಳಬಹುದು. ನ್ಯಾಯವಾದ ಸಂದೇಹ. ಇದಕ್ಕೆ ಉತ್ತರ ದೊಡ್ಡ ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿಬಿದ್ದವರಿಗೆ ಗೊತ್ತಿರುತ್ತದೆ. ತೇರಿನ ಬೀದಿಯಲ್ಲಿ ಮುಂದಿನವರು ನಿಂತರೂ ಹಿಂದಿನವರಿಗೆ ಅದು ತಿಳಿಯದೆ ಅವರು ತಳ್ಳುತ್ತಲೇ ಇರುತ್ತಾರೆ. ಒಂದು ಹಂತ ದಾಟಿದ ಮೇಲೆ ನಡುವಿನವನಿಗೆ ಕೈಯನ್ನು ಮೇಲಕ್ಕೆತ್ತಲೂ ಆಗುವುದಿಲ್ಲ. ಬಲಶಾಲಿಯಾಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ರೋಮನ್ ಕಾಲಾಳುವಿನ ಯುದ್ಧಕ್ರಮಕ್ಕೆ ಸುತ್ತಲೂ ಜಾಗ ಬೇಕಿತ್ತು. ಗುರಾಣಿಯನ್ನು ಹೊಡೆತ ಬರುವ ಕಡೆಗೆ ತಿರುಗಿಸಬೇಕು, ಕತ್ತಿಯಿಂದ ಕಡಿಯಬೇಕು, ತಿವಿಯಬೇಕು. ಪಾಲಿಬಿಯಸ್ ಬೇರೊಂದು ಕಡೆ ಈ ಲೆಕ್ಕವನ್ನೂ ಕೊಟ್ಟಿದ್ದಾನೆ: ಒಬ್ಬೊಬ್ಬನ ನಡುವೆ ಕನಿಷ್ಠ ಮೂರು ಅಡಿ ತೆರವು ಇರಬೇಕಂತೆ. ನಾಲ್ಕೂ ಕಡೆಯಿಂದ ಅದುಮಿದಾಗ ಆ ಮೂರು ಅಡಿ ಹೋಯಿತು. ಸೈನ್ಯ ಗುಂಪಾಯಿತು. ಆಗ ಸಂಖ್ಯೆಯೇ ರೋಮನರ ವಿರುದ್ಧ ಕೆಲಸ ಮಾಡತೊಡಗಿತು. ಹೆಚ್ಚು ಮಂದಿ ಇದ್ದಷ್ಟೂ ಒತ್ತಡ ಹೆಚ್ಚು. ಹೊರವಲಯದವರು ಮಾತ್ರ ಕಾದುತ್ತಿದ್ದರು. ಅವರು ಬಿದ್ದಂತೆ ಅವರ ಹಿಂದಿನವರು ಹೊರವಲಯವಾದರು.

ಅದು ಆಗಸ್ಟ್ ತಿಂಗಳು, ದಕ್ಷಿಣ ಇಟಲಿಯ ಬಿಸಿಲು. ಬಿಸಿಗಾಳಿ ಧೂಳನ್ನು ರೋಮನರ ಮುಖಕ್ಕೆ ಎರಚುತ್ತಿತ್ತು ಎಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ಮರುದಿನ ಬಯಲಿನಲ್ಲಿ ಕಂಡದ್ದನ್ನೂ ಅವನು ವಿವರಿಸುತ್ತಾನೆ: ಕೆಲವರು ತಾವೇ ನೆಲ ಕೆದರಿ, ಗುಂಡಿಯಲ್ಲಿ ತಲೆಯಿಟ್ಟು, ಮಣ್ಣಿನಿಂದ ಉಸಿರುಗಟ್ಟಿಸಿಕೊಂಡು ಸತ್ತಿದ್ದರು. ಓದಲು ಸಂಕಟವಾಗುತ್ತದೆ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಭೂಪಟದ ಮೇಲಿನ ಬಾಣದ ಗುರುತುಗಳಲ್ಲಿ ಇದು ಕಾಣುವುದಿಲ್ಲ. ಮತ್ತು ಸತ್ತವರ ಪ್ರಮಾಣ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಸತ್ತವರ ಪ್ರಮಾಣ ನೋಡಿ. ರೋಮನರ ಕಡೆ ಸತ್ತವರು ಲಿವಿಯ ಪ್ರಕಾರ ಸುಮಾರು 48,000. ಪಾಲಿಬಿಯಸ್ ಪ್ರಕಾರ 70,000. ಹ್ಯಾನಿಬಲ್ ಕಳೆದುಕೊಂಡದ್ದು ಪಾಲಿಬಿಯಸ್ ಲೆಕ್ಕದಲ್ಲಿ 5,700, ಲಿವಿಯ ಲೆಕ್ಕದಲ್ಲಿ 8,000. ಇಷ್ಟು ಅಂತರ ಹೇಗೆ ಬಂತು? ಎದುರೆದುರು ನಿಂತು ಗುರಾಣಿ ಹಿಡಿದು ಕಾದುವಾಗ ಸಾಯುವವರು ನಾವು ಸಿನಿಮಾದಲ್ಲಿ ನೋಡುವಷ್ಟು ಹೆಚ್ಚಲ್ಲ. ಕೊಲೆ ನಡೆಯುವುದು ಸಾಲು ಒಡೆದ ಮೇಲೆ, ಬೆನ್ನು ತೋರಿದ ಮೇಲೆ ಅಥವಾ ಹೀಗೆ ಸಿಕ್ಕಿಕೊಂಡ ಮೇಲೆ. ಕ್ರಿ.ಪೂ. 490ರ ಮ್ಯಾರಥಾನ್ ಯುದ್ಧದಲ್ಲಿ ಅಥೆನ್ಸಿನವರು ಸತ್ತದ್ದು 192, ಪರ್ಷಿಯನರು ಸುಮಾರು 6,400 ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಅಲ್ಲಿಯೂ ಪರ್ಷಿಯನರು ಮುರಿದು ಹಡಗುಗಳ ಕಡೆಗೆ ಓಡಿದಾಗಲೇ ಹೆಚ್ಚಿನ ಸಾವು. ಹಾಗಾಗಿ ‘40 ಸಾವಿರ ಮಂದಿ 70 ಸಾವಿರ ಮಂದಿಯನ್ನು ಕೊಲ್ಲಬೇಕು’ ಎಂಬುದು ಗೆಲುವಿನ ಷರತ್ತಲ್ಲ. ಅವರು ಸೈನ್ಯವಾಗಿ ನಿಲ್ಲದಂತೆ ಮಾಡುವುದೇ ಗೆಲುವು. ಮಿಕ್ಕದ್ದು ಅದರ ಪರಿಣಾಮ.

ಯುದ್ಧದ ದಿನಕ್ಕೆ ಮುಂಚಿನ ಸಂಗತಿಗಳನ್ನೂ ಬಿಡುವಂತಿಲ್ಲ. ದೊಡ್ಡ ಸೈನ್ಯ ಎಂದರೆ ದೊಡ್ಡ ಹೊಟ್ಟೆ. ಆಳೊಬ್ಬನಿಗೆ ದಿನಕ್ಕೆ 800 ಗ್ರಾಂ ಗೋಧಿ ಎಂದರೂ 80,000 ಮಂದಿಗೆ 64 ಟನ್ ಆಯಿತು, ಕುದುರೆಗಳ ಮೇವು ಬೇರೆ. ಇಷ್ಟನ್ನು ಎತ್ತಿನ ಗಾಡಿಗಳಲ್ಲಿ, ಹೇಸರಗತ್ತೆಗಳ ಮೇಲೆ ತರಬೇಕು. ಹ್ಯಾನಿಬಲ್ ಕ್ಯಾನೆಗೆ ಬಂದದ್ದು ಸುಮ್ಮನೆ ಅಲ್ಲ. ಸುತ್ತಲಿನ ಪ್ರದೇಶದ ಧಾನ್ಯವನ್ನು ರೋಮನರು ಅಲ್ಲಿ ಕೂಡಿಟ್ಟಿದ್ದರು. ಅವನು ಆ ಉಗ್ರಾಣವನ್ನೇ ಮೊದಲು ಹಿಡಿದ. ಅಷ್ಟು ದೊಡ್ಡ ಸೈನ್ಯ ಕಟ್ಟಿಕೊಂಡು ಬಂದವರು ಅವನೆದುರು ತಿಂಗಳುಗಟ್ಟಲೆ ಸುಮ್ಮನೆ ಕೂತಿರಲು ಸಾಧ್ಯವಿರಲಿಲ್ಲ. ಬೇಗ ಕಾದಬೇಕೆಂಬ ಒತ್ತಡ ರೋಮನರ ಮೇಲೆಯೇ ಬಿತ್ತು.

ನಾಯಕತ್ವವೂ ಹಾಗೆಯೇ. ರೋಮಿನ ಅತ್ಯುನ್ನತ ಅಧಿಕಾರಿಗಳಾದ ಇಬ್ಬರು ಕಾನ್ಸಲ್‌ಗಳು, ಏಮಿಲಿಯಸ್ ಪೌಲಸ್ ಮತ್ತು ಟೆರೆಂಟಿಯಸ್ ವಾರ್ರೋ, ದಿನ ಬಿಟ್ಟು ದಿನ ಸರದಿಯಲ್ಲಿ ಸೇನಾಧಿಪತ್ಯ ವಹಿಸುತ್ತಿದ್ದರು. ಪೌಲಸನಿಗೆ ಆ ಬಯಲಿನಲ್ಲಿ ಕಾದುವುದು ಇಷ್ಟವಿರಲಿಲ್ಲ. ಆ ದಿನದ ಸರದಿ ವಾರ್ರೋನದಾಗಿತ್ತು. ಪೌಲಸ್ ರಣರಂಗದಲ್ಲಿ ಸತ್ತ, ವಾರ್ರೋ ಸುಮಾರು 70 ಸವಾರರೊಡನೆ ತಪ್ಪಿಸಿಕೊಂಡ. ಎಲ್ಲ ತಪ್ಪನ್ನೂ ವಾರ್ರೋನ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಪಾಲಿಬಿಯಸ್ ಬರೆಯುವ ಹೊತ್ತಿಗೆ ಪೌಲಸನ ಮನೆತನ ರೋಮಿನಲ್ಲಿ ಬಹಳ ಪ್ರಬಲವಾಗಿತ್ತು, ಇತಿಹಾಸಕಾರನಿಗೆ ಆ ಮನೆತನದ ಆಶ್ರಯವೂ ಇತ್ತು. ಹಾಗಿದ್ದರೂ ಎರಡು ತಲೆಯ ಸೈನ್ಯದ ತೊಡಕು ನಿಜವೇ. ಸೈನಿಕರಲ್ಲೂ ಆ ವರ್ಷ ಹೊಸದಾಗಿ ಸೇರಿದವರು ಬಹಳ. ಹ್ಯಾನಿಬಲನ ಹಳೆಯ ಪಡೆಗಳು ಅವನ ಜೊತೆಗೇ ಸ್ಪೇನಿನಿಂದ ಹೊರಟು, ಆಲ್ಪ್ಸ್ ಪರ್ವತ ದಾಟಿ, ಎರಡು ದೊಡ್ಡ ಯುದ್ಧ ಗೆದ್ದು ಬಂದವು. ಲಿಬಿಯನರಿಗೆ ‘ಈಗ ತಿರುಗಿ’ ಎಂಬ ಆಜ್ಞೆ ಬರುವವರೆಗೂ ಕಾದು ನಿಲ್ಲುವ ಶಿಸ್ತು ಇಂಥ ಅನುಭವದಿಂದ ಬಂದದ್ದು.

ಧೈರ್ಯದ ಪಾತ್ರ ಇಲ್ಲವೆ ಎಂದರೆ ಖಂಡಿತ ಇದೆ. ಗ್ರೀಕ್ ಲೇಖಕ ಪ್ಲೂಟಾರ್ಕ್ ಒಂದು ಪ್ರಸಂಗ ಹೇಳುತ್ತಾನೆ. ಅಂದು ಬೆಳಿಗ್ಗೆ ರೋಮನರ ಸಂಖ್ಯೆ ನೋಡಿ ಗಿಸ್ಗೊ ಎಂಬ ಅಧಿಕಾರಿ ಬೆರಗಿನಿಂದ ಏನೋ ಅಂದನಂತೆ. ಹ್ಯಾನಿಬಲ್ ಗಂಭೀರವಾದ ಮುಖ ಮಾಡಿ, ಅದಕ್ಕಿಂತಲೂ ಬೆರಗಿನ ಸಂಗತಿಯೊಂದಿದೆ, ಅಷ್ಟೊಂದು ಜನರಲ್ಲಿ ಗಿಸ್ಗೊ ಎಂಬ ಹೆಸರಿನವನು ಒಬ್ಬನೂ ಇಲ್ಲ ಎಂದನಂತೆ. ಸುತ್ತಲಿದ್ದವರು ನಕ್ಕರು. ತಮ್ಮ ನಾಯಕರು ನಗುತ್ತ ಇಳಿದು ಬರುವುದನ್ನು ಕಂಡ ಸೈನಿಕರಿಗೆ ಧೈರ್ಯ ಬಂತು. ಅಕ್ಷರಶಃ ಹೀಗೆಯೇ ನಡೆಯಿತೋ ಇಲ್ಲವೋ, ಸಂಖ್ಯೆ ಕಣ್ಣಿಗೆ ಬಿದ್ದಾಗ ಮನಸ್ಸಿಗೆ ಆಗುವ ಪೆಟ್ಟನ್ನು ಸೇನಾನಿ ಗಮನಿಸಲೇಬೇಕು ಎಂಬುದು ಇಲ್ಲಿ ಚೆನ್ನಾಗಿ ಬಂದಿದೆ.

ಇಷ್ಟೆಲ್ಲ ಅಂಕಿಗಳನ್ನು ಕೊಟ್ಟ ಮೇಲೆ, ಅವುಗಳನ್ನು ಎಷ್ಟು ನಂಬಬೇಕು ಎಂಬುದನ್ನೂ ಹೇಳಬೇಕು. ಗೆದ್ದವರ ಕಡೆಯವರು ಸೋತವರ ಸಂಖ್ಯೆಯನ್ನು ಉಬ್ಬಿಸುವುದು ಬಹಳ ಹಳೆಯ ಅಭ್ಯಾಸ. ಪರ್ಷಿಯದ ದೊರೆ ಕ್ಸರ್ಕ್ಸಿಸ್ ಗ್ರೀಸಿನ ಮೇಲೆ ದಂಡೆತ್ತಿ ಬಂದಾಗ ಅವನ ಕಾಲಾಳುಗಳೇ 17 ಲಕ್ಷ ಎಂದು ಹೆರೊಡೊಟಸ್ ಬರೆಯುತ್ತಾನೆ. ಎಣಿಸಿದ ರೀತಿಯನ್ನೂ ವಿವರಿಸುತ್ತಾನೆ: 10,000 ಮಂದಿಯನ್ನು ಒತ್ತೊತ್ತಾಗಿ ನಿಲ್ಲಿಸಿ, ಸುತ್ತ ಗೋಡೆ ಕಟ್ಟಿ, ಆಮೇಲೆ ಆ ಆವರಣವನ್ನು ಮತ್ತೆ ಮತ್ತೆ ತುಂಬಿಸಿ ಖಾಲಿ ಮಾಡಿದರಂತೆ. ಓದಲು ಸೊಗಸಾಗಿದೆ, ಆದರೆ ಅಷ್ಟು ಜನರಿಗೆ ಆಗಿನ ರಸ್ತೆಗಳಲ್ಲಿ ನೀರು, ಕೂಳು ಒದಗಿಸುವುದು ಆಗದ ಮಾತು. ಕ್ರಿ.ಪೂ. 331ರಲ್ಲಿ ಗಾಗಮೇಲದಲ್ಲಿ ಅಲೆಕ್ಸಾಂಡರನ 47,000 ಸೈನಿಕರ ಎದುರು ಪರ್ಷಿಯದ ದೊರೆ ಡೇರಿಯಸ್ ತಂದಿದ್ದನೆನ್ನುವ ಹತ್ತು ಲಕ್ಷವೂ ಇದೇ ಜಾತಿಯದು. ಡೇರಿಯಸನದು ದೊಡ್ಡ ಸೈನ್ಯ ಎಂಬುದು ನಿಜ, ಅಷ್ಟು ದೊಡ್ಡದಲ್ಲ. ಹ್ಯಾನಿಬಲನ ಲೆಕ್ಕಕ್ಕೆ ಮಾತ್ರ ಹೆಚ್ಚು ಗಟ್ಟಿಯಾದ ಆಧಾರವಿದೆ. ಅವನು ಇಟಲಿಯ ದಕ್ಷಿಣದ ಲಾಸಿನಿಯಂ ಭೂಶಿರದಲ್ಲಿ ತನ್ನ ಸೈನ್ಯದ ಸಂಖ್ಯೆಗಳನ್ನು ಕಂಚಿನ ಫಲಕದಲ್ಲಿ ಕೆತ್ತಿಸಿದ್ದ. ಪಾಲಿಬಿಯಸ್ ಅದನ್ನು ಸ್ವತಃ ಓದಿದ್ದ. ಆಲ್ಪ್ಸ್ ಇಳಿದು ಇಟಲಿ ಮುಟ್ಟಿದಾಗ 20,000 ಕಾಲಾಳು, 6,000 ಸವಾರರು ಎಂಬ ಅಂಕಿ ಅಲ್ಲಿಂದಲೇ ಬಂದದ್ದು. ಆಮೇಲೆ ಉತ್ತರ ಇಟಲಿಯ ಗಾಲರು ಸೇರಿಕೊಂಡು ಸೈನ್ಯ ಬೆಳೆಯಿತು.

ಇನ್ನೊಂದು ಎಚ್ಚರಿಕೆ. ಚಿಕ್ಕ ಸೈನ್ಯದ ಉದಾಹರಣೆಯಾಗಿ ಎಲ್ಲರ ಬಾಯಲ್ಲೂ ಬರುವುದು ಥರ್ಮಾಪಿಲೆಯ 300 ಮಂದಿ ಸ್ಪಾರ್ಟನರು. ಅಲ್ಲಿ ಆರಂಭದಲ್ಲಿ ಅವರ ಜೊತೆ ಇತರ ಗ್ರೀಕ್ ನಗರಗಳ ಸಾವಿರಾರು ಮಂದಿ ಇದ್ದರು; ಇಕ್ಕಟ್ಟಾದ ಕಣಿವೆಯಿಂದಾಗಿ ಪರ್ಷಿಯನರ ಸಂಖ್ಯೆ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಬೆಟ್ಟದ ಕಾಲುದಾರಿ ಶತ್ರುವಿಗೆ ಗೊತ್ತಾದ ಕೂಡಲೇ ಆ ಅನುಕೂಲ ಮುಗಿಯಿತು, ಗ್ರೀಕರು ಸೋತರು. ನಮಗೆ ನೆನಪಿರುವುದು ಅಪರೂಪದ ಯುದ್ಧಗಳು. ದೊಡ್ಡ ಸೈನ್ಯ ಚಿಕ್ಕದನ್ನು ಸೋಲಿಸಿದ ನೂರಾರು ಯುದ್ಧಗಳ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಏಕೆಂದರೆ ಅಲ್ಲಿ ವಿವರಿಸಬೇಕಾದ್ದು ಏನೂ ಇಲ್ಲ.

ಹಾಗಾದರೆ ಸಂಖ್ಯೆಗೆ ಬೆಲೆಯೇ ಇಲ್ಲವೆ? ಇದೆ, ಒಂದು ದಿನದ ಯುದ್ಧಕ್ಕಿಂತ ಹದಿನೈದು ಇಪ್ಪತ್ತು ವರ್ಷಗಳ ಯುದ್ಧದಲ್ಲಿ ಅದು ಹೆಚ್ಚು ಕಾಣುತ್ತದೆ. ಕ್ಯಾನೆಗೆ ಕೆಲವು ವರ್ಷ ಮುಂಚೆ, ಕ್ರಿ.ಪೂ. 225ರಲ್ಲಿ, ರೋಮ್ ಮತ್ತು ಅದರ ಮಿತ್ರರ ಬಳಿ ಆಯುಧ ಹಿಡಿಯಬಲ್ಲ ಕಾಲಾಳುಗಳು 7 ಲಕ್ಷ, ಸವಾರರು 70,000 ಇದ್ದರೆಂದು ಪಾಲಿಬಿಯಸ್ ಲೆಕ್ಕ ಕೊಡುತ್ತಾನೆ. ಇಂಥ ಭಂಡಾರವಿದ್ದ ನಾಡಿಗೆ ಕ್ಯಾನೆಯ ನಷ್ಟವನ್ನೂ ತುಂಬಿಕೊಳ್ಳುವುದು ಸಾಧ್ಯವಾಯಿತು. ದಕ್ಷಿಣ ಇಟಲಿಯ ಹಲವು ಊರುಗಳು, ದೊಡ್ಡ ನಗರವಾದ ಕಾಪುವ ಸಹ, ಹ್ಯಾನಿಬಲನ ಕಡೆ ವಾಲಿದವು. ಮಧ್ಯ ಇಟಲಿಯ ಹೆಚ್ಚಿನ ಮಿತ್ರರು ಕದಲಲಿಲ್ಲ. ರೋಮ್ ಗುಲಾಮರನ್ನೂ ಬಿಡುಗಡೆ ಮಾಡಿ ಸೈನ್ಯಕ್ಕೆ ಸೇರಿಸಿಕೊಂಡಿತು, ಹ್ಯಾನಿಬಲನೊಡನೆ ಬಯಲಿನಲ್ಲಿ ನೇರ ಯುದ್ಧ ಮಾಡುವುದನ್ನು ನಿಲ್ಲಿಸಿತು, ಅವನಿಗೆ ಸೇರಿದ ಊರುಗಳನ್ನು ಒಂದೊಂದಾಗಿ ಮುತ್ತಿ ಕಸಿದುಕೊಂಡಿತು. ಅವನು ಒಂದು ಕಡೆ ಮಾತ್ರ ಇರಬಲ್ಲ. ಅವರು ಏಕಕಾಲಕ್ಕೆ ಹಲವು ಕಡೆ ಸೈನ್ಯ ಇಡಬಲ್ಲರು.

ಕೊನೆಗೆ ಕ್ರಿ.ಪೂ. 202ರಲ್ಲಿ, ಆಫ್ರಿಕದ ಝಾಮ ಎಂಬಲ್ಲಿ, ಹ್ಯಾನಿಬಲ್ ಸಿಪಿಯೋ ಎಂಬ ರೋಮನ್ ಸೇನಾನಿಯನ್ನು ಎದುರಿಸಿದ. ಈ ಸಿಪಿಯೋ ತರುಣನಾಗಿ ಕ್ಯಾನೆಯಲ್ಲಿದ್ದು ಬದುಕಿ ಉಳಿದವನು. ಝಾಮದಲ್ಲಿ ಹ್ಯಾನಿಬಲನ ಕಾಲಾಳುಗಳು ಕಡಿಮೆಯೇನೂ ಇರಲಿಲ್ಲ, 80 ಆನೆಗಳೂ ಇದ್ದವು. ಅಷ್ಟರಲ್ಲಿ ನ್ಯುಮಿಡಿಯದ ರಾಜ ಮಸಿನಿಸ್ಸ ರೋಮನರ ಪಕ್ಷ ಸೇರಿದ್ದ. ಅವನು 4,000 ಸವಾರರನ್ನು ತಂದ. ಆನೆಗಳು ನುಗ್ಗಿದಾಗ ದಾರಿ ಬಿಟ್ಟುಕೊಡಲೆಂದು ಸಿಪಿಯೋ ತನ್ನ ಪಡೆಗಳ ನಡುವೆ ನೇರ ಓಣಿಗಳನ್ನು ಇಟ್ಟಿದ್ದ. ಕಾಲಾಳುಗಳು ಸರಿಸಮವಾಗಿ ಕಾದುತ್ತಿದ್ದಾಗ, ಹ್ಯಾನಿಬಲನ ಸವಾರರನ್ನು ಓಡಿಸಿದ್ದ ಮಸಿನಿಸ್ಸ ಮತ್ತು ರೋಮನ್ ಅಶ್ವದಳದ ಲೇಲಿಯಸ್ ಹಿಂದಿರುಗಿ ಬಂದು ಕಾರ್ಥೇಜಿನ ಸೈನ್ಯದ ಬೆನ್ನಿನ ಮೇಲೆ ಬಿದ್ದರು. ಆ ದಿನ ಕುದುರೆಗಳ ಕೊರತೆ ಇದ್ದದ್ದು ಹ್ಯಾನಿಬಲನಿಗೆ.